ಇಪ್ಪತ್ತೆಂಟು ದಿನದ ಕಾವು

ಚಳಿ ಕಾಲು ಕಿತ್ತಿತ್ತು. ಬಿಸಿಲಿಗೆ ಇನ್ನೂ ಸಿಟ್ಟು ಬಂದಿರಲಿಲ್ಲ. ಕೋಳಿಗಳು ಕಾವಿಗೆ ಕೂರುವ ಕಾಲ. ಬೆಳಗಿನ ಕೆಲಸ ಅರ್ಧ ಮುಗಿದಿತ್ತು. ಗೂಡಿನ ಹಳೆಯ ಹಾಸನ್ನೆಲ್ಲ ಕೆರೆದು ಗೊಬ್ಬರದ ಗುಂಡಿಗೆ ಹಾಕಿ, ಕೋಳಿಗಳು ಹೊರಳಾಡುವ ಮಣ್ಣಿನ ತಗ್ಗಿಗೆ ಅವಳು ಒಲೆಯ ಬೂದಿ ಬೆರೆಸುತ್ತ ಕೂತಿದ್ದಳು. ಊರಿನವರ ಬಾಯಲ್ಲಿ ಅವಳು ಕೋಳಿಯಕ್ಕ. ವಯಸ್ಸು ಮೂವತ್ತೇಳು. ನಲವತ್ತು ಕೋಳಿ, ಒಬ್ಬ ಸೋದರತ್ತೆ, ಇಷ್ಟೇ ಸಂಸಾರ.

ಗೇಟಿನ ಹತ್ತಿರ ಯಾರೋ ಕೆಮ್ಮಿದರು.

ಬೇಲಿಯಾಚೆ ಮನೆಯ ಬಡಗಿ. ಆ ಮನೆಗೆ ಬಂದು ಆರು ತಿಂಗಳಾಗಿತ್ತು, ಅವನಿಂದ ಆರು ಮಾತು ಕೇಳಿದವರಿರಲಿಲ್ಲ. ಅವನ ಪಾಲಿನ ಮಾತನ್ನೆಲ್ಲ ಅವನ ಗಿನಿ ಕೋಳಿಗಳೇ ಆಡುತ್ತಿದ್ದವು. ಬೂದು ಮೈಯ ತುಂಬ ಬಿಳಿ ಚುಕ್ಕೆ, ಬೋಳು ತಲೆಯ ಮೇಲೊಂದು ಕೊಂಬಿನಂಥ ಮೊಟಕು. ನಾಯಿ ಹಾದರೆ ಕೂಗು, ಸೈಕಲ್ ಹಾದರೆ ಕೂಗು, ಒಣಗಿದ ಎಲೆ ಬಿದ್ದರೂ ಊರಿಗೆಲ್ಲ ಸುದ್ದಿ. ಆದರೆ ಒಂದು ವಾರದಿಂದ ಒಂದೇ ದನಿ ಕೇಳುತ್ತಿತ್ತು.

"ಬೀದಿನಾಯಿ ನುಗ್ಗಿ ಹೇಂಟೆಗಳನ್ನೆಲ್ಲ ತಿಂದುಬಿಟ್ವು," ಎಂದ ಬಡಗಿ. "ಉಳಿದಿದ್ದು ಒಂದು ಹುಂಜ. ಪೊದೆಯಲ್ಲಿ ಮೊಟ್ಟೆ ಸಿಕ್ಕಿವೆ."

ಕೈಯಲ್ಲಿದ್ದ ಬುಟ್ಟಿಯ ಬಟ್ಟೆ ಸರಿಸಿದ. ಮರದ ಹೊಟ್ಟಿನ ಮೇಲೆ ಹದಿನೈದು ಮೊಟ್ಟೆ. ಚಿಕ್ಕವು, ಚೂಪು ತುದಿಯವು, ಕಂದು ಚುಕ್ಕೆಯವು. ಒಂದನ್ನು ಅವಳು ಉಗುರಿನಿಂದ ತಟ್ಟಿದಳು. ಕಲ್ಲಿನಂಥ ಚಿಪ್ಪು.

"ಕಾವಿಗೆ ಕೂತ ಕೋಳಿ ಒಂದಿದ್ರೆ..."

"ಇದೆ, ಸಿಡುಕಿ ಅಂತ. ನಾಲ್ಕು ದಿನದಿಂದ ಖಾಲಿ ಬುಟ್ಟಿ ಮೇಲೆ ಕೂತು ಬಂದವರಿಗೆಲ್ಲ ಕುಕ್ತಿದಾಳೆ." ಅವಳು ಕೈ ಕೊಡವಿ ಎದ್ದಳು. "ಮರೀಲಿ ಅರ್ಧ ಪಾಲು ನಂದು. ಇಪ್ಪತ್ತೊಂದು ದಿನ. ಮಾರನೇ ದಿನ ಎಣಿಸ್ಕೊಳ್ಳೋಣ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಹುಬ್ಬಿನ ಮೇಲೆ ಬೂದಿ ಕೂತಿತ್ತು. ಅದನ್ನೇ ನೋಡುತ್ತ ನಿಂತವನು ಬಾಯಿ ಮುಚ್ಚಿ ತಲೆಯಾಡಿಸಿದ. ಎಡಗಿವಿಯ ಸಂದಿಯಲ್ಲಿದ್ದ ಕೆಂಪು ಪೆನ್ಸಿಲ್ ತೆಗೆದು ಕೊಟ್ಟ.

"ದಿನದ ಗುರುತಿಗೆ."

ಗೂಡಿನ ಹಲಗೆಯ ಮೇಲೆ ಅವಳು ಮೊದಲ ಗೆರೆ ಎಳೆದಳು.

ದಿನಾ ಸಂಜೆ ಅವನು ಬರತೊಡಗಿದ. ಒಂದು ದಿನ ಗೂಡಿನ ಹಾಸಿಗೆಂದು ಒಂದು ಮೂಟೆ ಹೊಟ್ಟು ತಂದ. ಇನ್ನೊಂದು ದಿನ ಗೂಡಿನ ಬಾಗಿಲಿನ ಸಡಿಲ ಕೀಲು ಬಿಗಿದ. ಸಿಡುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಅವಳು ಪಕ್ಕದಲ್ಲಿ ಕೂತರೆ ಕೋಳಿಯನ್ನು ಇನ್ನೂ ಗಮನವಿಟ್ಟು ನೋಡುತ್ತಿದ್ದ, ಕಿವಿ ಮಾತ್ರ ಕೆಂಪಗಾಗುತ್ತಿತ್ತು.

"ಅದೇನೋಪ್ಪ, ಆ ಕೋಳಿಗೆ ನಾಚಿಕೆ ಆಗೋಷ್ಟು ನೋಡ್ತೀಯ," ಎಂದಳು ಅತ್ತೆ ಜಗಲಿಯಿಂದ.

"ಮೊಟ್ಟೆ ನೋಡ್ತಿದ್ದೀನಿ ಅತ್ತೆ."

"ಮೊಟ್ಟೆ ಅದರ ಹೊಟ್ಟೆ ಕೆಳಗಿದೆ. ನಿನ್ನ ಕಣ್ಣು ಎಲ್ಲಿದೆ ಅಂತ ನಂಗೂ ಕಾಣತ್ತೆ."

ಅವಳು ಸೆರಗಿನಲ್ಲಿ ನಗು ಒರೆಸಿಕೊಂಡಳು. ಸಂಜೆ ಕಾಳು ಚೆಲ್ಲುವ ಮೊದಲು ಮುಖ ತೊಳೆಯುವ ಅಭ್ಯಾಸ ಯಾವಾಗ ಶುರುವಾಯಿತೆಂದು ಅವಳಿಗೇ ನೆನಪಿರಲಿಲ್ಲ.

ಇಪ್ಪತ್ತೊಂದನೆಯ ದಿನ ಮೊಟ್ಟೆಗಳಲ್ಲಿ ಸದ್ದಿಲ್ಲ. ಇಪ್ಪತ್ತೆರಡಕ್ಕೂ ಇಲ್ಲ. ಟಾರ್ಚ್ ಹಿಡಿದು ನೋಡಿದರೆ ಆ ದಪ್ಪ ಚಿಪ್ಪಿನೊಳಗೆ ಬರೀ ಕತ್ತಲೆ. "ಇನ್ನೂ ಸ್ವಲ್ಪ ನೋಡೋಣ," ಎಂದ ಅವನು, ನೆಲ ನೋಡುತ್ತ.

ಅವಳಿಗೆ ಆ ರಾತ್ರಿ ಊಟ ಸೇರಲಿಲ್ಲ. ಹತ್ತನೆಯ ದಿನ ಸಿಡುಕಿ ಮೇಯಲು ಇಳಿದಾಗ ಗೂಡಿನ ಬಾಗಿಲು ಹಾಕಿಕೊಂಡು ಕೋಳಿ ಹೊರಗೇ ಉಳಿದಿತ್ತು, ಅರ್ಧ ಗಂಟೆ ಮೊಟ್ಟೆ ತಣ್ಣಗಾಗಿದ್ದವು. ಬಾಗಿಲು ಹಾಕಿದ್ದು ತಾನೇ. ಆ ಹುಂಜದ ಕುಲದ ಕಡೆಯ ಮೊಟ್ಟೆಗಳನ್ನು ತಾನೇ ಕೊಂದೆ ಎಂದುಕೊಂಡಳು. ಬೇಲಿಯಾಚೆ ಆ ಒಂಟಿ ಹುಂಜ ಛಾವಣಿಯ ಮೇಲೆ ಕೂಗುತ್ತಲೇ ಇತ್ತು.

ಇಪ್ಪತ್ಮೂರನೆಯ ಬೆಳಗ್ಗೆ ಹಿತ್ತಲಲ್ಲಿ ಗುಂಡಿ ತೋಡಿದಳು. ಮೊಟ್ಟೆಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು, ಮೊದಲನೆಯದನ್ನು ಕೈಗೆತ್ತಿಕೊಂಡಾಗ ಬೇಲಿ ಮುರಿದ ಸದ್ದಾಯಿತು.

"ಬೇಡ! ಇನ್ನೂ ಐದು ದಿನ ಇದೆ!"

"ಏನು ಐದು ದಿನ?"

ಅವನು ಏದುಸಿರು ಬಿಡುತ್ತಿದ್ದ. "ಗಿನಿ ಮೊಟ್ಟೆಗೆ ಇಪ್ಪತ್ತೆಂಟು ದಿನ ಬೇಕು."

ಅವಳು ಬೆಚ್ಚಗಿನ ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದೇ ನಿಂತಳು. "ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಮೊದಲ ದಿನದಿಂದ."

"ಹೂಂ. ಇಪ್ಪತ್ತೆಂಟು ಅಂದ್ರೆ ಕೋಳಿ ಕೊಡಲ್ಲ ಅಂತೀರೇನೋ ಅಂತ ಹೆದರಿದೆ. ಆಮೇಲೆ..." ಅವನು ಕತ್ತು ಕೆರೆದುಕೊಂಡ. "ಇಪ್ಪತ್ತೊಂದಾದ್ಮೇಲೂ ಒಂದು ವಾರ ಬರೋಕೆ ನೆಪ ಸಿಗತ್ತಲ್ಲ ಅನ್ನಿಸ್ತು."

ಬೇರೆ ಯಾವ ಹೆಣ್ಣಾದರೂ ಆ ಮಾತಿಗೆ ಕರಗುತ್ತಿದ್ದಳೇನೋ. ಅವಳ ಮುಖ ಬಿಗಿಯಿತು.

"ನನ್ನ ಗಂಡ ಹೋಗಿ ಹನ್ನೊಂದು ವರ್ಷ ಆಯ್ತು. ಬೆಳಗ್ಗೆ ಚಹಾ ಕುಡಿದ, ಲೋಟ ತೊಳೆದಿಟ್ಟ, ಹೋದ. ಒಂದು ಮಾತಿಲ್ಲ. ಮೂರು ದಿನ ಅವನಿಗೂ ಸೇರಿಸಿ ಅಡುಗೆ ಮಾಡಿದೆ. ಜಗಳ ಆಡಿ ಹೋಗಿದ್ರೆ ನಂಗೆ ಇಷ್ಟು ನೋಯ್ತಿರಲಿಲ್ಲ." ಅವಳು ಮೊಟ್ಟೆಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. "ರಾತ್ರಿಯೆಲ್ಲ ನಾನೇ ಕೊಂದೆ ಅಂತ ಅತ್ತಿದ್ದೀನಿ. ಒಂದು ಮಾತು, ಬರೀ ಒಂದು ಮಾತು ಹೇಳೋಕೆ ನಿಮಗೇನಾಗಿತ್ತು? ಕೋಳಿ ತಪ್ಪು ಮಾಡಿಲ್ಲ, ಅದು ಕೂರತ್ತೆ. ನೀವು ಬರಬೇಡಿ."

ಅವನು ತಲೆ ತಗ್ಗಿಸಿ, ಬಂದ ದಾರಿಯಲ್ಲೇ ಹೋದ. ಹೋಗುವಾಗ ಮುರಿದ ಬೇಲಿ ಎತ್ತಿ ಕಟ್ಟಿದ.

"ಈ ಸಿಡುಕಿ ಇನ್ನೂ ಐದು ದಿನ ಕೂರ್ತಾಳಾ ಅತ್ತೆ? ಬಡಕಲಾಗಿದಾಳೆ."

"ಕೋಳಿಗೆ ಲೆಕ್ಕ ಬರಲ್ಲ ಕಣೇ. ಕೆಳಗೆ ಜೀವ ಇದೆ ಅನ್ನಿಸಿದ್ರೆ ಕೂರತ್ತೆ," ಎಂದಳು ಅತ್ತೆ. ಬೇಲಿಯ ಕಡೆ ನೋಡಿ ಸೇರಿಸಿದಳು, "ಬೆರಳು ಎಣಿಸೋದೆಲ್ಲ ಮನುಷ್ಯರು."

ಮರುದಿನ ಬೆಳಗ್ಗೆ ಅವಳು ಸಿಡುಕಿಗೆ ಕೂತಲ್ಲೇ ಕೈಯಿಂದ ಕಾಳು ತಿನ್ನಿಸುತ್ತಿದ್ದಾಗ ಬೇಲಿಯಾಚೆಯಿಂದ ಗಟ್ಟಿ ದನಿ ಬಂತು.

"ನಾನು ಮೊಳೆ ತರೋಕೆ ಪೇಟೆಗೆ ಹೋಗ್ತಿದ್ದೀನಿ! ಮಧ್ಯಾಹ್ನ ಬರ್ತೀನಿ!"

ಅದರ ಹಿಂದೆಯೇ ಹುಂಜವೂ ಕೂಗಿತು. ಅತ್ತೆ, ಅವಳು ಮುಖ ಮುಖ ನೋಡಿಕೊಂಡರು. ಯಾರಿಗೆ ಹೇಳಿದ ಇವನು?

ಮಧ್ಯಾಹ್ನ: "ಬಂದೆ!"

ಸಂಜೆ: "ಕಿಟಕಿ ಚೌಕಟ್ಟಿನ ಅಳತೆ ಎರಡು ಬೆರಳು ತಪ್ಪಿದೆ! ತಪ್ಪು ನಂದೇ!"

ಮಾರನೆಯ ದಿನ: "ಅಡುಗೆ ಸೀದುಹೋಯ್ತು!"

"ಈಗ ಬಾಯಿ ಬಂತು ನೋಡು," ಎಂದು ಅತ್ತೆ ಹೊಟ್ಟೆ ಹಿಡಿದು ನಕ್ಕಳು. "ಆರು ತಿಂಗಳದ್ದನ್ನೆಲ್ಲ ಬಡ್ಡಿ ಸಮೇತ ಆಡ್ತಿದಾನೆ."

ಅವಳು ಅವನ ಕೂಗಿಗೆ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಮೂರನೆಯ ಸಂಜೆ ದನಿ ಸ್ವಲ್ಪ ತಗ್ಗಿತ್ತು. "ನನಗೆ ನಲವತ್ತೊಂದು! ಮದುವೆ ಆಗಿಲ್ಲ! ಗರಗಸದ ಸದ್ದಿಗೆ ಬಲಗಿವಿ ಕಿವುಡಾಗಿದೆ! ಇಷ್ಟೇ, ಇನ್ನೇನೂ ಮುಚ್ಚಿಟ್ಟಿಲ್ಲ!"

ಗೂಡಿನೊಳಗೆ ಕೂತು, ಸಿಡುಕಿಯ ರೆಕ್ಕೆಗೆ ಮುಖ ಒತ್ತಿ ಅವಳು ನಕ್ಕಳು. ಸಿಡುಕಿ ಎಂದಿನಂತೆ ಕುಕ್ಕಿದಳು.

ಇಪ್ಪತ್ತೇಳನೆಯ ಗೆರೆ ಎಳೆಯುವಾಗ ಸಣ್ಣ ಸದ್ದು ಕೇಳಿಸಿತು. ಒಳಗಿನಿಂದ ಯಾರೋ ಉಗುರಲ್ಲಿ ಕೆರೆದ ಹಾಗೆ. ಸಿಡುಕಿಯ ಎದೆಯಡಿ ಕೈ ತೂರಿಸಿ ಒಂದು ಮೊಟ್ಟೆ ತೆಗೆದಳು. ಚಿಪ್ಪಿನಲ್ಲೊಂದು ಬಿರುಕು, ಬಿರುಕಿನಲ್ಲಿ ಸಾಸಿವೆಯಷ್ಟು ಕೊಕ್ಕು.

ಮೊಟ್ಟೆಯನ್ನು ಮೆಲ್ಲಗೆ ಒಳಗಿಟ್ಟು ಬೇಲಿಯ ಹತ್ತಿರ ಓಡಿದಳು. ಹನ್ನೊಂದು ವರ್ಷದಲ್ಲಿ ಅವಳು ಯಾರನ್ನೂ ಅಷ್ಟು ಗಟ್ಟಿಯಾಗಿ ಕರೆದಿರಲಿಲ್ಲ.

"ಬಡಗೀ! ಚಿಪ್ಪು ಬಿರಿದಿದೆ! ಬನ್ನಿ!"

ಅವನು ಉಳಿ ಕೈಯಲ್ಲಿ ಹಿಡಿದೇ ಬಂದ. ಸಂಜೆಯವರೆಗೂ ಇಬ್ಬರೂ ಗೂಡಿನ ಬಾಗಿಲಲ್ಲಿ ಕೂತಿದ್ದರು. ಕಂದು ಪಟ್ಟೆಯ ಮೈ, ಕೇಸರಿ ಕಾಲು, ಹೆಬ್ಬೆರಳಷ್ಟು ಮರಿಗಳು. ಹದಿಮೂರು.

"ನೀರಿನ ತಟ್ಟೆಯಲ್ಲಿ ಕಲ್ಲು ತುಂಬಬೇಕು, ಇಲ್ದಿದ್ರೆ ಮುಳುಗಿ ಸಾಯ್ತವೆ," ಎಂದ ಅವನು. "ಇಬ್ಬನಿ ಆರೋವರೆಗೆ ಹೊರಗೆ ಬಿಡಬಾರದು. ಇವು ದಡ್ಡ ಅಲ್ಲ, ಹೆದರುಪುಕ್ಕಲು ಅಷ್ಟೇ. ಇನ್ನೂ ಇದೆ, ಎಲ್ಲಾ ಹೇಳ್ತೀನಿ."

"ಹೇಳಿ," ಎಂದಳು ಅವಳು. "ಕೂತಿದ್ದೀನಲ್ಲ."

ಹತ್ತು ವಾರಕ್ಕೆ ಮರಿಗಳ ಎದೆಯಲ್ಲಿ ಚುಕ್ಕೆ ಮೂಡಿತು, ಗಂಟಲಲ್ಲಿ ಕೂಗು ಬಂತು. ಸಿಡುಕಿಯ ಹಿಂದೆ ಸಾಲಾಗಿ ನಡೆದು, ಸಂಜೆಯಾದರೆ ತಾವಾಗಿ ಗೂಡು ಸೇರುವುದನ್ನು ಕಲಿತಿದ್ದವು. ಪಾಲು ಮಾಡುವ ದಿನ ಬಂತು.

"ಹದಿಮೂರರಲ್ಲಿ ಆರೂವರೆ," ಎಂದಳು ಅತ್ತೆ. "ಅರ್ಧ ಮರಿ ಹೇಗೆ ಕೊಡ್ತೀಯಪ್ಪ? ಗರಗಸ ತಂದಿದ್ದೀಯಾ?"

"ಏಳು ಅವರೇ ಇಟ್ಕೊಳ್ಳಲಿ."

"ಬೇಡ, ನನಗೆ ಯಾರ ಋಣವೂ ಬೇಡ," ಎಂದಳು ಅವಳು. "ಅರ್ಧ ಮರಿ ನಾನು ನಿಮಗೆ ಬಾಕಿ."

ಅವನು ಆರನ್ನು ಬುಟ್ಟಿಗೆ ತುಂಬಿಕೊಂಡ. ಗೇಟಿನಲ್ಲಿ ನಿಂತು ತಿರುಗಿದ. "ಬೆಳೆದ ಗೂಡು ಬಿಟ್ಟು ಇವು ಇರಲ್ಲ. ನಾಳೆ ವಾಪಸ್ ಬರ್ತವೆ. ಮೊದಲೇ ಹೇಳಿರ್ತೀನಿ."

ಮರುದಿನ ಬೆಳಕು ಹರಿಯುವ ಮೊದಲೇ ಬೇಲಿಯ ಎರಡೂ ಕಡೆ ಕೂಗಾಟ. ಇತ್ತ ಏಳು, ಅತ್ತ ಆರು. ಇಬ್ಬನಿ ಆರುವ ಹೊತ್ತಿಗೆ ಆರೂ ಬೇಲಿಯಡಿ ನುಸುಳಿ ಬಂದವು. ಮುಂದೆ ಆ ಮುದಿ ಹುಂಜ, ಮದುವೆಗೆ ಹೊರಟ ಯಜಮಾನನ ಹಾಗೆ. ಕಡೆಯಲ್ಲಿ ಖಾಲಿ ಬುಟ್ಟಿ ಹಿಡಿದ ಬಡಗಿ. ಮಾರನೆಯ ದಿನವೂ ಹಾಗೆಯೇ. ಮೂರನೆಯ ದಿನ ಅವನ ಕೈಯಲ್ಲಿ ಬುಟ್ಟಿ ಇರಲಿಲ್ಲ.

ಅವಳು ಕಾಳು ಚೆಲ್ಲುತ್ತಿದ್ದಳು. ಅವನು ಪಕ್ಕದಲ್ಲಿ ಬಂದು ನಿಂತ.

"ನಾಳೆಯೂ ಇವು ಬರ್ತವೆ. ನಾನೂ ಬರ್ತೀನಿ. ಇವುಗಳ ನೆಪದಲ್ಲಲ್ಲ, ನಿಮ್ಮನ್ನ ನೋಡೋಕೆ. ಅದನ್ನೂ ಹೇಳಿರ್ತೀನಿ."

ಅವಳ ಕೈಯಲ್ಲಿದ್ದ ಕಾಳೆಲ್ಲ ಒಂದೇ ಕಡೆ ಸುರಿಯಿತು. ಹಕ್ಕಿಗಳು ಮುಗಿಬಿದ್ದವು. ತನಗೇ ಕೇಳಿಸದಷ್ಟು ಮೆಲ್ಲಗೆ ಅವಳು ಒಂದು ಮಾತು ಹೇಳಿದಳು. ಅವನು ಕದಲಲಿಲ್ಲ. ಹಕ್ಕಿಗಳನ್ನೇ ನೋಡುತ್ತಿದ್ದ.

ಆಮೇಲೆ ಅವಳಿಗೆ ಹೊಳೆಯಿತು, ತಾನು ನಿಂತಿದ್ದು ಅವನ ಬಲಗಿವಿಯ ಕಡೆ.

ಸುತ್ತಿ ಎಡಕ್ಕೆ ಬಂದಳು. ಅವನ ಆ ಕಿವಿಯ ಸಂದಿಯಲ್ಲಿದ್ದ ಹೊಸ ಪೆನ್ಸಿಲ್ಲನ್ನು ಕಿತ್ತು ಕೈಯಲ್ಲಿ ಹಿಡಿದಳು, ಮಾತಿಗೆ ದಾರಿ ಮಾಡಿಕೊಟ್ಟಂತೆ.

"ದಿನಾ ಬಂದು ಹೋಗೋದು ಯಾಕೆ, ಇಲ್ಲೇ ಇದ್ದುಬಿಡಿ ಅಂದೆ!"

ಹದಿಮೂರು ಮರಿ, ಒಂದು ಹುಂಜ ಒಟ್ಟಿಗೆ ಕೂಗಿದವು. ನಲವತ್ತು ಕೋಳಿಗಳು ಗಾಬರಿಯಾಗಿ ಅವಕ್ಕೆ ದನಿಗೂಡಿಸಿದವು. ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಊರಿಗೆಲ್ಲ ಕೇಳಿಸ್ತು ಕಣೇ, ಅವನಿಗೆ ಕೇಳಿಸ್ತಾ ಕೇಳು!"

"ಕೇಳಿಸ್ತು ಅತ್ತೆ," ಎಂದ ಬಡಗಿ. ಅವನ ಕಿವಿಗಳೆರಡೂ ಕೆಂಪಗಾಗಿದ್ದವು, ಕೇಳದ ಕಿವಿಯೂ.

ಮಳೆಗಾಲಕ್ಕೆ ಮೊದಲು ಬೇಲಿ ತೆಗೆದರು. ಅದರ ಗೂಟಗಳಲ್ಲೇ ಅವನು ಗಿನಿ ಕೋಳಿಗಳಿಗೆ ಎತ್ತರದ ಅಟ್ಟಣೆ ಕಟ್ಟಿದ. ಗೂಡಿನ ಹಲಗೆಯ ಮೇಲೆ ಇಪ್ಪತ್ತೇಳು ಕೆಂಪು ಗೆರೆಗಳು ಈಗಲೂ ಇವೆ. ಇಪ್ಪತ್ತೆಂಟನೆಯದನ್ನು ಅವತ್ತಿನ ಸಡಗರದಲ್ಲಿ ಯಾರೂ ಎಳೆಯಲಿಲ್ಲ. ಆ ಅರ್ಧ ಮರಿಯ ಬಾಕಿಯೂ ಹಾಗೇ ಉಳಿಯಿತು. ಅವಳು ಕೊಡಲಿಲ್ಲ, ಅವನು ಕೇಳಲಿಲ್ಲ.