ನಾಲ್ಕರಲ್ಲೇ ನಿಂತ ಮುಳ್ಳು

“ಕಾಲು ತೆಗೀರಿ! ತೆಗೀರಿ ಅಂದ್ರೆ!”

ಕಿಟಕಿಯೊಳಗೆ ಕೈ ತೂರಿಸಿ ಆದಿಲ್ ಕೀ ತಿರುಗಿಸಿಬಿಟ್ಟ. ಹಳದಿ ಬಣ್ಣದ ಸ್ಪೋರ್ಟ್ಸ್ ಕಾರು ಒಮ್ಮೆ ನಡುಗಿ ಸುಮ್ಮನಾಯಿತು.

ಸ್ಟೇರಿಂಗ್ ಹಿಡಿದು ಕೂತಿದ್ದವಳು ಫಾಯಿಜಾ. ಅವನ ಮೊಣಕೈ ಅವಳ ದುಪಟ್ಟಾಕ್ಕೆ ತಗುಲಿತ್ತು. ಗಾಬರಿಯಿಂದ ಕೆಂಪಾಗಿದ್ದ ಅವನ ಮುಖ ಒಂದು ಗೇಣು ದೂರದಲ್ಲಿತ್ತು.

ಬೇರೆ ಹುಡುಗಿಯಾಗಿದ್ದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಕಥೆ ಹೇಳುವವರಿಗೂ ಅಂಥ ಹುಡುಗಿಯೇ ಅನುಕೂಲ. ಏನು ಮಾಡುವುದು… ಫಾಯಿಜಾಳಿಗೆ ಏನೂ ಅನ್ನಿಸಲಿಲ್ಲ.

“ಕೆಟ್ಟುಹೋಯ್ತಾ?” ಎಂದು ಕೇಳಿದಳು, ಹಾಲು ಒಡೆಯಿತಾ ಎಂದು ಕೇಳುವಷ್ಟು ಸಪ್ಪೆ ದನಿಯಲ್ಲಿ.

ಆದಿಲ್ ಬೀದಿಯ ಆ ತುದಿಯತ್ತ ಕಣ್ಣು ಹಾಯಿಸಿದ.

ಆ ಕಾರು ಗುಂಡ್ಲುಪೇಟೆಗೆ ಬಂದದ್ದಕ್ಕೆ ಬಂಡೀಪುರದ ಕೋತಿಗಳೇ ಕಾರಣ. ಕಲ್ಲಿಕೋಟೆಯ ಶ್ರೀಮಂತರೊಬ್ಬರು ಫೋಟೋ ತೆಗೆಯಲು ದಾರಿಯಲ್ಲಿ ನಿಲ್ಲಿಸಿದ್ದರು. ಕೋತಿಗಳು ಮೇಲೇರಿ ಕಾರಿನ ಬಟ್ಟೆಯ ಚಾವಣಿಯನ್ನು ಹರಿದು ಹಾಕಿದವು! ಸೀಟು, ಟಾರ್ಪಾಲು ಹೊಲಿಯುವುದರಲ್ಲಿ ನಜೀರ್ ಅಹಮದರಿಗೆ ಹೆಸರಿತ್ತು. ಅವರ ಅಂಗಡಿಯಲ್ಲಿ ಕಾರನ್ನೂ ಕೀಯನ್ನೂ ಬಿಟ್ಟು ಯಜಮಾನರು ಬಸ್ಸು ಹತ್ತಿ ಊರಿಗೆ ಹೋಗಿದ್ದರು.

ನಾಜೂಕಿನ ಹೊಲಿಗೆಯೆಲ್ಲ ನಜೀರರ ಮಗಳು ಫಾಯಿಜಾಳದ್ದೇ. ಪಕ್ಕದಲ್ಲಿ ಮಹದೇವಯ್ಯನವರ ಲಾರಿ ಗ್ಯಾರೇಜು. ಆದಿಲ್ ಚಾಮರಾಜನಗರದಿಂದ ಬಂದು ಅಲ್ಲಿ ಮೆಕ್ಯಾನಿಕ್ ಆಗಿ ಸೇರಿಕೊಂಡಿದ್ದ.

ಆ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಲಾರಿಯ ಇಂಜಿನ್ ಬಿಚ್ಚಿ ಜೋಡಿಸಿದ ಮೇಲೆ ನಿಂತಲ್ಲೇ ಆಕ್ಸಲರೇಟರ್ ಒತ್ತಿ ಫುಲ್ ರೇಸ್ ಕೊಡುತ್ತಾರೆ. ಸದ್ದು ಎಲ್ಲೂ ತಡವರಿಸದೆ ಏರಿದರೆ ಮಹದೇವಯ್ಯ “ಜೀವ ಬಂತು!” ಎಂದು ಕೂಗಿ ಬೀದಿಗೆಲ್ಲ ಟೀ ಹೇಳುತ್ತಾರೆ. ತಡವರಿಸಿದರೆ ಇಂಜಿನ್ ಮತ್ತೆ ಬಿಚ್ಚಬೇಕು.

ಫಾಯಿಜಾ ಹೊಲಿಗೆ ಯಂತ್ರದ ಮುಂದೆ ಕೂತು ಇದನ್ನೆಲ್ಲ ಕೇಳುತ್ತಲೇ ಬೆಳೆದವಳು.

ಹೋದ ವರ್ಷ ಅವಳ ನಿಶ್ಚಿತಾರ್ಥ ಮುರಿದುಬಿತ್ತು. ಕಾರಣ ಹೇಳದೆ ಹುಡುಗನ ಕಡೆಯವರು ಉಂಗುರ ವಾಪಸು ಕಳಿಸಿದ್ದರು. ಅವಳು ಅಳಲಿಲ್ಲ, ಊಟ ಬಿಡಲಿಲ್ಲ. ‘ಗಟ್ಟಿ ಹುಡುಗಿ’ ಎಂದು ಎಲ್ಲರೂ ಹೊಗಳಿದರು. ಮರಗಟ್ಟಿ ಹೋಗಿದ್ದಾಳೆ ಎಂದು ಯಾರಿಗೂ ಹೊಳೆಯಲಿಲ್ಲ.

ಆ ಶುಕ್ರವಾರ ಅಬ್ಬಾ ನಮಾಜಿಗೆ ಹೋಗಿದ್ದರು. ಅಳತೆ ತೆಗೆಯಲು ಕಾರಿನೊಳಗೆ ಕೂತವಳಿಗೆ ಕೀ ಕಾಣಿಸಿತು. ‘ಇಷ್ಟು ಚಂದದ ಕಾರಿನ ಸದ್ದು ಹೇಗಿರಬಹುದು? ಅದನ್ನು ಕೇಳಿದರಾದರೂ ನನಗೆ ಏನಾದರೂ ಅನ್ನಿಸಬಹುದಾ?’

ಸ್ಟಾರ್ಟ್ ಮಾಡಿ ಆಕ್ಸಲರೇಟರನ್ನು ಕೊನೆಯವರೆಗೂ ಒತ್ತಿಬಿಟ್ಟಳು. ಇಂಜಿನ್ನಿನ ವೇಗ ತೋರಿಸುವ ಮೀಟರಿನಲ್ಲಿ ಒಂಬತ್ತರವರೆಗೆ ಅಂಕಿಗಳಿದ್ದವು. ಮುಳ್ಳು ಸರ್ರನೆ ನಾಲ್ಕಕ್ಕೆ ಏರಿ ಅಲ್ಲೇ ನಿಂತಿತು. ಇನ್ನೂ ಒತ್ತಿದಳು. ಇಂಜಿನ್ ಡಗಡಗ ಎಂದು ತಡವರಿಸಿತೇ ಹೊರತು ಮುಳ್ಳು ಮೇಲೇರಲಿಲ್ಲ… ನಮಾಜು ಮುಗಿಸಿ ಎಲ್ಲರಿಗಿಂತ ಮುಂಚೆ ಬಂದ ಆದಿಲ್ ಓಡಿ ಬಂದದ್ದು ಆಗಲೇ.

“ಇಳೀರಿ. ಒಳಗೆ ಹೋಗಿ ಮಿಷನ್ ಮುಂದೆ ಕೂತ್ಕೊಳ್ಳಿ,” ಎಂದ ಮೆಲ್ಲಗೆ.

ಅವಳು ಹಾಗೇ ಮಾಡಿದಳು. ಅಷ್ಟರಲ್ಲಿ ಸದ್ದು ಕೇಳಿ ಮಹದೇವಯ್ಯ ಬಂದರು, ಅವರ ಹಿಂದೆ ನಜೀರ್.

“ಯಾರ್ಲಾ ರೇಸ್ ಕೊಟ್ಟಿದ್ದು?”

“ನಾನೇ ಅಣ್ಣ. ಸುಮ್ನೆ ನೋಡೋಣ ಅಂತ…”

ಮಹದೇವಯ್ಯ ತಾವೇ ಕೂತು ಸ್ಟಾರ್ಟ್ ಮಾಡಿ ಒತ್ತಿ ನೋಡಿದರು. ನಾಲ್ಕು, ಡಗಡಗ. ಮತ್ತೆ ಒತ್ತಿದರು. ಮತ್ತೆ ನಾಲ್ಕು! ಅವರ ಮುಖ ಕಪ್ಪಿಟ್ಟಿತು.

“ಏನ್ಲಾ ಮಾಡ್ಬುಟ್ಟೆ! ಮಿಸ್ಸಿಂಗ್ ಒಡೀತಾ ಅದಲ್ಲೋ! ನಂಬಿ ಬುಟ್ಟೋಗಿರೋ ಗಾಡಿ ಕಣ್ಲಾ ಇದು. ಓಗು, ಇನ್ ನನ್ ಗ್ಯಾರೇಜ್ ತಾವ ಮುಖ ತೋರಿಸ್ಬ್ಯಾಡ!”

“ನಮ್ಮವನೇ ಅಂತ ನಂಬಿದ್ದೆನಲ್ಲಪ್ಪ…” ಎಂದರು ನಜೀರ್.

ಆದಿಲ್ ತಲೆ ತಗ್ಗಿಸಿ ನಿಂತಿದ್ದ. ಒಮ್ಮೆ ಮಾತ್ರ ಕಣ್ಣೆತ್ತಿ ಫಾಯಿಜಾಳ ಕಡೆ ನೋಡಿದ. ಅವಳು ಬಾಯಿ ತೆರೆದಿದ್ದರೆ ಮುಗಿಯುತ್ತಿತ್ತು.

ಅವಳು ಯಂತ್ರ ತುಳಿದಳು. ಹೊಲಿಗೆ ನೇರವಾಗಿಯೇ ಬಂತು.

ಆದಿಲ್ ಊರು ಬಿಟ್ಟ. ಫಾಯಿಜಾ ಚಾವಣಿ ಹೊಲಿದು ಮುಗಿಸಿದಳು. ಉಂಡಳು, ಮಲಗಿದಳು, ಎದ್ದಳು. ತಾನು ಮಾಡಿದ್ದು ತಪ್ಪೆಂದು ಗೊತ್ತಿತ್ತು, ಆದರೆ ಪಕ್ಕದೂರಿನಲ್ಲಿ ಯಾರಿಗೋ ಏನೋ ಆಯಿತಂತೆ ಎಂಬಂತೆ ಗೊತ್ತಿತ್ತು.

ಕಾರಿನ ಯಜಮಾನರು ಬರುವ ಹಿಂದಿನ ದಿನ ಮಹದೇವಯ್ಯ ಅಂಗಡಿಗೆ ಬಂದರು.

“ನಜೀರ್ ಭಾಯ್, ಆ ಉಡುಗಂಗೆ ಚಾಮರಾಜನಗರದಲ್ಲೂ ಯಾರೂ ಕೆಲ್ಸ ಕೊಡ್ತಿಲ್ವಂತೆ. ‘ಇಂಜಿನ್ ಸುಟ್ಟವ್ನು’ ಅಂತ ಸುದ್ದಿ ಅಬ್ಬದೆ. ನಾನೇ ಒಂದೆರಡು ಕಡೆ ಬಾಯಿ ಬುಟ್ಟೆ, ತಪ್ಪಾಯ್ತು. ಕೆಲ್ಸಗಾರ ಒಳ್ಳೇವ್ನೇಯ.”

ಆ ಮಾತು ಕೇಳಿಸಿಕೊಂಡಿದ್ದ ಫಾಯಿಜಾಳಿಗೆ ಮಧ್ಯಾಹ್ನ ಊಟಕ್ಕೆ ಕೂತಾಗ ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ನೀರು ಕುಡಿದಳು. ಆಗಲೂ ಇಳಿಯಲಿಲ್ಲ. ‘ಇದೇನಿದು?’ ಎಂದುಕೊಂಡಳು. ಎದೆಯಲ್ಲಿ ಏನೋ ಒತ್ತುತ್ತಿತ್ತು. ಅದು ನೋವು ಎಂದು ಗುರುತಿಸಲು ಪಾಪ ಅವಳಿಗೆ ಸ್ವಲ್ಪ ಹೊತ್ತೇ ಬೇಕಾಯಿತು.

ಮರುದಿನ ಬೆಳಿಗ್ಗೆ ಯಜಮಾನರು ಬಂದು ಚಾವಣಿ ಸವರಿ ನೋಡಿ, “ಭಲೇ ಕೆಲಸ!” ಎಂದು ನಕ್ಕರು. ನಜೀರ್ ಕೈ ಮುಗಿದರು.

“ಸರ್, ಒಂದು ಅನಾಹುತ ಆಗಿದೆ. ಪಕ್ಕದ ಗ್ಯಾರೇಜಿನ ಹುಡುಗ ಒಬ್ಬ ನಿಮ್ಮ ಗಾಡಿಗೆ…”

“ಅವರಲ್ಲ ಅಬ್ಬಾ.”

ಎಲ್ಲರೂ ತಿರುಗಿದರು. ಫಾಯಿಜಾ ಹೊಸ್ತಿಲು ದಾಟಿ ಬೀದಿಗೇ ಬಂದು ನಿಂತಿದ್ದಳು. ಎದುರು ಅಂಗಡಿಯವರು, ಈರುಳ್ಳಿ ಲಾರಿಯ ಡ್ರೈವರುಗಳು, ಎಲ್ಲರ ಕಣ್ಣೂ ಅವಳ ಮೇಲೆ.

“ರೇಸ್ ಕೊಟ್ಟಿದ್ದು ನಾನು. ಕಾರಲ್ಲಿ ಕೂತಿದ್ದವಳು ನಾನು. ಆದಿಲ್ ಬಂದು ಆಫ್ ಮಾಡಿದರು, ಅಷ್ಟೇ. ನನ್ನ ಹೆಸರು ಬರಬಾರದು ಅಂತ ಅವರು ಸುಳ್ಳು ಹೇಳಿದರು. ನಾನು ಸುಮ್ಮನಿದ್ದೆ.”

ಬಾಗಿಲಲ್ಲಿದ್ದ ತಾಯಿ ಅಮೀರುನ್ನೀಸಾ “ಯಾ ಅಲ್ಲಾಹ್!” ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ಒಮ್ಮೆ ಸಂಬಂಧ ಮುರಿದ ಹುಡುಗಿ, ಪರರ ಕಾರು, ಪರ ಗಂಡಸು! ಸಂಜೆಯೊಳಗೆ ಊರೆಲ್ಲ ಈ ಮಾತು ಹಬ್ಬುತ್ತದೆ. ಅದು ಗೊತ್ತಿದ್ದೇ ಹುಡುಗಿ ಬಾಯಿಬಿಟ್ಟಿದ್ದಳು.

“ಒಂದು ನಿಮಿಷ,” ಎಂದರು ಯಜಮಾನರು. “ಗಾಡಿಗೆ ಏನಾಯ್ತು ಅಂತ ಯಾರೂ ಹೇಳಲೇ ಇಲ್ಲವಲ್ಲ?”

“ನಾಕುಕ್ಕೆ ನಿಂತ್ಕಂಡು ಡಗಡಗ ಅಂತದೆ ಸ್ವಾಮಿ, ಮ್ಯಾಕೆ ಓಗಾಕಿಲ್ಲ,” ಎಂದರು ಗ್ಯಾರೇಜಿನಿಂದ ಬಂದು ನಿಂತಿದ್ದ ಮಹದೇವಯ್ಯ.

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟರು.

“ಅಯ್ಯೋ, ಅದು ನಾಲ್ಕಕ್ಕೇ ನಿಲ್ಲಬೇಕು! ನಿಂತಿರುವಾಗ ಇಂಜಿನ್ ಮೇಲೆ ಭಾರ ಇರುವುದಿಲ್ಲ. ಯಾರಾದರೂ ಸುಮ್ಮನೆ ಒತ್ತಿ ಹಾಳು ಮಾಡಬಾರದು ಅಂತ ಕಂಪನಿಯವರೇ ಕಂಪ್ಯೂಟರಿನಲ್ಲಿ ಕಟ್ಟು ಹಾಕಿದ್ದಾರೆ. ಆ ಕಟ್ಟಿಗೆ ತಾಗಿದಾಗ ಡಗಡಗ ಅನ್ನುತ್ತೆ, ಅಷ್ಟೇ. ಓಡುವಾಗ ಎಂಟು ದಾಟುತ್ತೆ.”

“ನಿಂತಾಗ ಇಲ್ದಿರೋ ಜೀವ ಓಡುವಾಗ ಎಲ್ಲಿಂದ ಬತ್ತದೆ?” ಮಹದೇವಯ್ಯ ಒಪ್ಪಲಿಲ್ಲ.

“ಹತ್ತಿ, ತೋರಿಸ್ತೀನಿ!”

ಹಳದಿ ಕಾರು ಊಟಿ ರಸ್ತೆಯಲ್ಲಿ ಮಾಯವಾಯಿತು. ದೂರದಿಂದ ಒಂದು ಸದ್ದು ಏರಿತು, ಏರುತ್ತಲೇ ಹೋಯಿತು, ಎಲ್ಲೂ ತಡವರಿಸಲಿಲ್ಲ. ವಾಪಸು ಬಂದಾಗ ಮಹದೇವಯ್ಯನವರ ಇದ್ದ ನಾಲ್ಕು ಕೂದಲೂ ನೆಟ್ಟಗೆ ನಿಂತಿದ್ದವು.

“ಎಂಟುಕ್ಕೋಯ್ತು ನಜೀರ್ ಭಾಯ್! ನನ್ ಪ್ರಾಣಾನೂ ಅದ್ರ್ ಜೊತೇಲೇ ಓಯ್ತು! ಅನ್ಯಾಯವಾಗಿ ಆ ಉಡುಗನ್ನ ಓಡಿಸ್ಬುಟ್ನಲ್ಲಪ್ಪ…”

ಗಾಡಿ ಕೆಟ್ಟೇ ಇರಲಿಲ್ಲ! ಆದರೆ ತಾನು ಸುಮ್ಮನಿದ್ದದ್ದು ಇದ್ದೇ ಇತ್ತಲ್ಲ… ಫಾಯಿಜಾ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಅಳತೊಡಗಿದಳು. ವರ್ಷದಿಂದ ಬಾರದಿದ್ದ ಅಳು ಒಟ್ಟಿಗೇ ಬಂತು. ಬೈಯಲೆಂದು ಬಂದ ಅಮೀರುನ್ನೀಸಾ ಬೈಯದೆ ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು.

“ಬುರ್ಖಾ ಹಾಕ್ಕೊಳ್ಳಿ ಇಬ್ಬರೂ,” ಎಂದರು ನಜೀರ್. “ಆ ಹುಡುಗನ ಮುಖ ನೋಡಿ ನಾನು ಮಾಫಿ ಕೇಳಬೇಕು.”

ಚಾಮರಾಜನಗರದಲ್ಲಿ ಆದಿಲನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನು ಅಂಗಳದಲ್ಲಿ ಯಾರದೋ ಹಳೇ ಮೊಪೆಡ್ಡಿನ ಇಂಜಿನ್ ಬಿಚ್ಚಿಕೊಂಡು ಕೂತಿದ್ದ. ನಜೀರ್ ಅವನ ಎರಡೂ ಭುಜ ಹಿಡಿದು ನಡೆದದ್ದೆಲ್ಲ ಹೇಳಿದರು. ಮಹದೇವಯ್ಯ ವಾಪಸು ಕರೆದಿದ್ದಾರೆ ಎಂದೂ ಹೇಳಿದರು. ಆದಿಲನ ತಾಯಿ ದೊಡ್ಡವರನ್ನು ಚಹಾಕ್ಕೆ ಒಳಗೆ ಕರೆದೊಯ್ದರು.

ಅಂಗಳದಲ್ಲಿ ಉಳಿದವರು ಇಬ್ಬರೇ.

ಆದಿಲ್ ಸ್ಪ್ಯಾನರ್ ಒರೆಸುತ್ತಾ, “ಥ್ಯಾಂಕ್ಸ್ ಹೇಳೋಕೆ ಇಷ್ಟು ದೂರ ಬರಬೇಕಿತ್ತಾ?” ಎಂದ. ದನಿ ಒರಟಾಗಿತ್ತು. ‘ಋಣ ತೀರಿಸಿ ಹೋಗೋಕೆ ಬಂದಿದ್ದಾಳೆ, ಅಷ್ಟೇ,’ ಎಂದುಕೊಂಡಿದ್ದ ಪೆದ್ದ.

“ಥ್ಯಾಂಕ್ಸ್ ಹೇಳೋಕೆ ಬಂದಿಲ್ಲ.”

“ಮತ್ತೆ?”

“ಅವತ್ತು ನಾನು ಹೆದರಿ ಸುಮ್ಮನಿದ್ದದ್ದಲ್ಲ. ನನಗೆ… ಏನೂ ಅನ್ನಿಸ್ತಿರಲಿಲ್ಲ. ನಿಮ್ಮನ್ನ ಓಡಿಸಿದಾಗಲೂ ಅನ್ನಿಸಲಿಲ್ಲ. ಅದನ್ನ ನಿಮ್ಮ ಎದುರಿಗೇ ಹೇಳಬೇಕಿತ್ತು.”

ಅವನ ಕೈ ನಿಂತಿತು.

“ಗೊತ್ತು,” ಎಂದ ನಿಧಾನವಾಗಿ. “ದಿನಾ ನೋಡ್ತಿದ್ದೆನಲ್ಲ. ಯಾರು ಏನಂದರೂ ನೀವು ತಲೆ ಬಗ್ಗಿಸಿ ಹೊಲೀತಿದ್ರಿ. ಅವತ್ತು ಜನ ನಿಮ್ಮ ಮೇಲೆ ಮಾತಾಡಿದ್ರೆ ಅದನ್ನೂ ಹಂಗೇ ನುಂಗಿಬಿಡ್ತಿದ್ರಿ. ನನಗೆ ತಡ್ಕೊಳ್ಳೋಕೆ ಆಗ್ತಿರಲಿಲ್ಲ.”

“ನನ್ನ ಮೇಲೆ ಸಿಟ್ಟು ಬರಲಿಲ್ವಾ?”

“ಬರದೆ ಇರುತ್ತಾ! ಬಸ್ಸಲ್ಲಿ ನಿಮ್ಮನ್ನ ಬೈಕೊಂಡೇ ಬಂದೆ. ತೆರಕಣಾಂಬಿ ದಾಟೋ ಹೊತ್ತಿಗೆ ನನಗೆ ಗೊತ್ತಿರೋ ಬೈಗುಳವೆಲ್ಲ ಖಾಲಿ.”

ಫಾಯಿಜಾ ನಕ್ಕಳು. ನಗುತ್ತಿದ್ದಂತೆ ಕಣ್ಣು ತುಂಬಿ ಬಂತು.

“ಈಗ ತುಂಬಾ ನೋವಾಗ್ತಿದೆ ಆದಿಲ್. ನೀವು ಹೋದಮೇಲೆ ಶುರುವಾಯ್ತು. ನೀವಿಲ್ಲದ ಆ ಬೀದೀಲಿ ಕೂತು ಹೊಲಿಯೋಕೆ ನನ್ನ ಕೈಲಿ ಆಗಲ್ಲ…”

ಅವನು ಎದ್ದು ನಿಂತ. ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ.

“ಹಾಗಾದ್ರೆ… ಅಮ್ಮೀನ ನಿಮ್ಮನೆಗೆ ಯಾವಾಗ ಕಳಿಸಲಿ?”

“ಕಳಿಸೋದು ಬೇಡ.”

ಅವನ ಮುಖ ಬಾಡಿತು.

“ಎರಡೂ ಮನೆಯವರು ಒಳಗೇ ಇದ್ದಾರೆ. ಈಗಲೇ ಹೋಗಿ ಕೇಳಿ.”

“ಈಗಲಾ! ನೋಡಿ ಇಲ್ಲಿ, ಕೈಯೆಲ್ಲ ಗ್ರೀಸು…”

ಫಾಯಿಜಾ ಬಾಗಿಲ ಪಕ್ಕದ ಕೊಡದಿಂದ ಚೊಂಬು ತುಂಬಿಕೊಂಡು ಬಂದಳು.

“ಹಿಡೀರಿ ಕೈ. ನಾನು ನೀರು ಹಾಕ್ತೀನಿ.”