ಬಲ ಹೆಗಲ ಮೇಲಿನ ಚುಕ್ಕೆ

ನವೆಂಬರ್ ಹದಿನಾಲ್ಕು, ಶುಕ್ರವಾರ ಬೆಳಿಗ್ಗೆ 8:20ಕ್ಕೆ ಸಿರುಗುಪ್ಪ ಠಾಣೆಗೆ ಬಂದ ಯಂಕಮ್ಮ ಕುರ್ಚಿ ಕೊಟ್ಟರೂ ಕೂಡಲಿಲ್ಲ. ಅವಳ ಗಂಡ ರಾಮಾಂಜಿನಿ ಅಕ್ಕಿ ಗಿರಣಿಯಲ್ಲಿ ಹಮಾಲ. ಹಿಂದಿನ ದಿನ ಮಧ್ಯಾಹ್ನ ಲಾರಿ ತುಂಬುವ ಸರದಿಗಾಗಿ ಜೊತೆಯ ಹಮಾಲ ಹುಲಿಗೇಶ್ ಜಗಳ ತೆಗೆದು ಅವನನ್ನು ಲಾರಿಗೆ ನೂಕಿದ್ದ. ಸಂಜೆಯ ಹೊತ್ತಿಗೆ ರಾಮಾಂಜಿನಿಗೆ ಉಸಿರು ಹಿಡಿದುಕೊಂಡಿತು. ಬಳ್ಳಾರಿ ಆಸ್ಪತ್ರೆಗೆ ಒಯ್ದರೆ, ಒಂದು ಕಡೆಯ ಶ್ವಾಸಕೋಶ ಅರ್ಧ ಕುಸಿದಿದೆ ಎಂದರು.

"ಎದಿ ಒಡದು ಕೊಲ್ಲಾಕ ನೋಡ್ಯಾನ್ರಿ ಮೇಡಂ. ಅವನ್ನ ಬಿಡಬ್ಯಾಡ್ರಿ."

ಇನ್ಸ್‌ಪೆಕ್ಟರ್ ಅಂಜನಾ ದೂರು ಬರೆಸಿಕೊಂಡರು. ಕೊಲೆ ಯತ್ನದ ಎಫ್‌ಐಆರ್ ಆಯಿತು. 9:40ಕ್ಕೆ ಗಿರಣಿಯಲ್ಲೇ ಸಿಕ್ಕ ಹುಲಿಗೇಶ್ ಓಡಲಿಲ್ಲ, ತಾನೇ ಬಂದು ಜೀಪು ಹತ್ತಿದ.

"ನೂಕಿದ್ದು ಖರೆ ಏನಲೇ?" ಹೆಡ್ ಕಾನ್‌ಸ್ಟೆಬಲ್ ಹುಲುಗಪ್ಪ ಕೇಳಿದ.

"ಖರೆ ರೀ. ಅಂವ ಬದುಕ್ತಾನಲ್ರಿ?"

ಹುಲುಗಪ್ಪನಿಗೆ ಇಷ್ಟು ಸಾಕಿತ್ತು. "ಬಾಯಿಬಿಟ್ಟು ಒಪ್ಪಿಕೊಂಡಾನ ಮೇಡಂ. ನಾಲ್ಕೂವರಿಗೆ ಕೋರ್ಟಿಗೆ ಹಾಜರ ಮಾಡಿದ್ರ ಮುಗೀತು."

ಮುಗಿಯುತ್ತಿತ್ತು, ನಿಜ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಬ್ಬನನ್ನು ಒಳಗೆ ಹಾಕಲು ಒಂದು ಸಹಿ ಸಾಕು, ಹೊರಬಂದು ಮತ್ತೆ ಹಮಾಲರ ಗುಂಪಿನಲ್ಲಿ ನಿಲ್ಲಲು ಅವನ ಆಯುಷ್ಯವೇ ಬೇಕು. ಅಂಜನಾ ಸಹಿ ತಡೆದು ಬಳ್ಳಾರಿಗೆ ಹೊರಟರು. ಸತ್ತನೇ ಎಂದು ಕೇಳದೆ ಬದುಕುತ್ತಾನಲ್ಲ ಎಂದು ಕೇಳಿದವನ ಮುಖ ಅವರ ಕಣ್ಣಿನಿಂದ ಹೋಗಲೊಲ್ಲದಾಗಿತ್ತು.

11:30. ಆಸ್ಪತ್ರೆಯಲ್ಲಿ ರಾಮಾಂಜಿನಿಯ ಪಕ್ಕೆಯಿಂದ ಹೊರಟ ನಳಿಕೆ ಮಂಚದ ಕೆಳಗಿನ ಬಾಟ್ಲಿಯ ನೀರಿನಲ್ಲಿ ಮುಳುಗಿತ್ತು. ಅವನು ಕೆಮ್ಮಿದಾಗಲೆಲ್ಲ ನೀರಿನಲ್ಲಿ ಗುಳ್ಳೆ ಏಳುತ್ತಿದ್ದವು.

"ಶ್ವಾಸಕೋಶಕ್ಕೂ ಎದಿಗೂಡಿಗೂ ನಡುವ ಗಾಳಿ ಸೇರೇತ್ರಿ," ಎಂದರು ಡಾಕ್ಟರ್ ಶೀಲಾ. "ಆ ಗಾಳಿ ಹೊರಗಿಂದ ಒತ್ತಿ ಶ್ವಾಸಕೋಶ ಹಿಗ್ಗಾಕ ಬಿಡೂದಿಲ್ಲ. ಸ್ವಲ್ಪ ಇದ್ರ ಆಕ್ಸಿಜನ್ ಕೊಟ್ಟು ಕಾಯತೀವಿ, ಮೈ ತಾನ ಹೀರಿಕೊಳ್ಳತೈತಿ. ಇವರಿಗೆ ಜಾಸ್ತಿ ಇತ್ತು, ನಳಿಗಿ ಹಾಕಿವಿ. ಗುಳ್ಳಿ ನಿಂತ್ರ ತೂತು ಮುಚ್ಚೇತಿ ಅಂತ ತಿಳೀತೀವಿ. ಆಮ್ಯಾಲೆ ಎಕ್ಸ್‌ರೇ ನೋಡಿ ನಳಿಗಿ ತೆಗೀತೀವಿ."

"ನೂಕಿದ್ರ ಹಿಂಗಾಗತೈತೇನ್ರಿ?"

"ಪಕ್ಕೆಲುಬು ಮುರಿದು ಚುಚ್ಚಿದ್ರ ಆಗಬಹುದು. ಇಲ್ಲಿ ಒಂದೂ ಮುರಿದಿಲ್ಲ. ಪೆಟ್ಟಿನ ಗುರುತು ಎಡಕ್ಕ, ಕುಸಿದಿದ್ದು ಬಲಕ್ಕ." ಶೀಲಾ ರೋಗಿಯ ಅಂಗಿ ಸರಿಸಿದರು. ಬಲ ಹೆಗಲು ಕುತ್ತಿಗೆಗೆ ಕೂಡುವಲ್ಲಿ ಎಳ್ಳಿನಷ್ಟು ಚುಕ್ಕೆ, ಸುತ್ತ ನೀಲಿ ಬಳೆ. "ಶ್ವಾಸಕೋಶದ ತುದಿ ಇಲ್ಲಿತನಕ ಬರತೈತ್ರಿ. ಸೂಜಿ ಆಳಕ್ಕ ಹೋದ್ರ ತಾಗತೈತಿ. ನಿನ್ನೆಯಿಂದ ಕೇಳಾಕತ್ತೀವಿ, ಸೂಜೀನ ಇಲ್ಲ ಅಂತಾರ."

ಅಂಜನಾ ಮಂಚದ ಹತ್ತಿರ ಸ್ಟೂಲು ಎಳೆದುಕೊಂಡರು.

"ಸೂಜಿ ಯಾರು ಹಾಕಿದ್ರು?"

ರಾಮಾಂಜಿನಿ ಗೋಡೆ ನೋಡಿದ.

ಹಮಾಲರ ರಿವಾಜು ಅಂಜನಾಗೆ ಗೊತ್ತಿತ್ತು. ಜ್ವರ ಬಂದವನನ್ನು ಗುಂಪು ಕಾಯುತ್ತದೆ, ಹೆಗಲು ಹೋದವನನ್ನು ಕಾಯುವುದಿಲ್ಲ. ಅವನ ಚೀಲ ಕಾಯಂ ಆಗಿ ಉಳಿದವರ ಮೇಲೆ ಬೀಳುತ್ತದಲ್ಲ! ಹಾಗಾಗಿ ಹೆಗಲ ನೋವನ್ನು ಹೆಂಡತಿಗೂ ಹೇಳುವುದಿಲ್ಲ.

"ಹುಲಿಗೇಶ್ ಲಾಕಪ್‌ನ್ಯಾಗ ಅದಾನ. ನಾಲ್ಕೂವರಿಗೆ ಕೋರ್ಟು. ಕೊಲಿ ಯತ್ನ."

ರಾಮಾಂಜಿನಿ ಎದ್ದು ಕೂಡಲು ಹೋದ. ಬಾಟ್ಲಿ ಬುಳುಬುಳು ಎಂದಿತು. "ಯಾರು ಕೊಟ್ರಿ ಕಂಪ್ಲೇಂಟು? ನಮ್ಮಾಕಿಗೆ ಏನೂ ಗೊತ್ತಿಲ್ರಿ. ಅವಂದೇನೂ ತಪ್ಪಿಲ್ಲ."

"ಮತ್ತ ಯಾರದು?"

"ನಿನ್ನೆ ಮುಂಜಾನಿ ಎಂಟಕ್ಕ, ಬಾದನಹಟ್ಟಿ ಊರಿಂದ ಗಿರಣಿಗೆ ಬರುವಾಗ ದಾರ್ಯಾಗ. ಕುರುಗೋಡು, ಕೊಟ್ಟೂರಪ್ಪ ಡಾಕ್ಟ್ರು. ಹೆಗಲ ಗಂಟಿಗೆ ಸೂಜಿ ಹಾಕಿದ್ರು. ಆಗ ಎದ್ಯಾಗ ಚಳುಕು ಅಂತು. ಸಂಜಿಗೆ ಫೋನ್ ಮಾಡಿದ್ನಿ. ಗ್ಯಾಸ್ ಐತಿ, ಸೋಡಾ ಕುಡಿ ಅಂದ್ರು."

"ಬ್ಯಾರೆಯವರಿಗೂ ಹಿಂಗ ಹಾಕ್ತಾರೇನು?"

"ದಿನಾ ಸಾಲು ನಿಂತಿರತಾರ್ರಿ."

ಅಂಜನಾ ನಡೆಯಲಿಲ್ಲ, ಓಡಿದರು. ದಾರಿಯಲ್ಲೇ ಕುರುಗೋಡು ಠಾಣೆಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಫೋನು ಹೋಯಿತು.

1:15. ಕುರುಗೋಡು ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆ. ಹೊರಗೆ ಆರು ಜೋಡಿ ಚಪ್ಪಲಿ, ಅಲ್ಲಿನ ಠಾಣೆಯವರು ಇನ್ನೂ ಬಂದಿರಲಿಲ್ಲ. ಒಳಗೆ ಸಾವಂತ್ರಮ್ಮ ಎಂಬ ಮುದುಕಿ ಹೆಗಲ ಸೆರಗು ಸರಿಸಿ ಕೂತಿದ್ದಳು. ಹಿಂದೆ ನಿಂತ, ಬಿಳಿ ಅಂಗಿಯ ಅರವತ್ತರ ಕೊಟ್ಟೂರಪ್ಪನ ಸೂಜಿ ಅವಳ ಚರ್ಮದಿಂದ ಒಂದು ಬೆರಳು ದೂರದಲ್ಲಿತ್ತು.

"ಕೈ ಹಿಂದಕ್ಕ ತಗೀರಿ!"

ಸೂಜಿ ನಿಂತಿತು. ಸಿಟ್ಟಾದವಳು ಮಾತ್ರ ಸಾವಂತ್ರಮ್ಮ. "ಒಂದು ತಾಸಿನಿಂದ ಕುಂತೀನಿ. ಸೂಜಿ ಹಾಕಿಸಿಕೊಂಡ ಮ್ಯಾಲ ಹಿಡಕೊಂಡು ಹೋಗ್ರೆವ್ವಾ!"

ಆರೋಗ್ಯಾಧಿಕಾರಿ ಬಂದರು. ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು: ಉದ್ದನೆಯ ಸೂಜಿಗಳು, ಔಷಧಿ ಸೀಸೆಗಳು, ಒಂದು ಹಳೆಯ ಸ್ಟೆತಾಸ್ಕೋಪು. ಪದವಿಯೂ ಇಲ್ಲ, ನೋಂದಣಿಯೂ ಇಲ್ಲ. ಇಪ್ಪತ್ತೆರಡು ವರ್ಷ ಒಬ್ಬ ಡಾಕ್ಟರ ಬಳಿ ಕಂಪೌಂಡರ್ ಆಗಿದ್ದವನು, ಅವರು ತೀರಿಕೊಂಡ ಮೇಲೆ ಅವರ ಕುರ್ಚಿಯಲ್ಲಿ ಕೂತಿದ್ದ.

3:40ಕ್ಕೆ ಅಂಜನಾ ಠಾಣೆಗೆ ಫೋನು ಮಾಡಿದರು. "ಹುಲುಗಪ್ಪ, ಬಾಂಡ್ ಬರೆಸಿಕೊಂಡು ಹುಲಿಗೇಶ್‌ನ್ನ ಬಿಡ್ರಿ. ಕೋರ್ಟಿಗೆ ವರದಿ ನಾ ಕಳಸ್ತೀನಿ."

"ಬಿಟ್ಟಿದ್ದು ಹೇಳಿದ್ರ ನಂಬವಲ್ಲ ಮೇಡಂ. ಬಳ್ಳಾರಿ ಬಸ್ಸು ಎಷ್ಟಕ್ಕೈತಿ ಅಂತ ಕೇಳಾಕತ್ತಾನ."

ಬಂಧನದ ಮೆಮೊಗೆ ಸಹಿ ಹಾಕಿದ ಕೊಟ್ಟೂರಪ್ಪ ಜೀಪು ಹತ್ತಿದ. ಕುರುಗೋಡಿನ ಗುಡ್ಡ ಹಿಂದೆ ಬಿದ್ದ ಮೇಲೆ ಮೆಲ್ಲಗೆ ಕೇಳಿದ.

"ಬಾಟ್ಲ್ಯಾಗ ಗುಳ್ಳಿ ನಿಂತಾವೇನ್ರಿ ಮೇಡಂ?"

ಬಾಟ್ಲಿಯ ಮಾತನ್ನು ಅವನೆದುರು ಯಾರೂ ಎತ್ತಿರಲಿಲ್ಲ. ಅಂಜನಾ ತಿರುಗಿ ನೋಡಿದರು.

"ಗೊತ್ತಿತ್ತು ನಿಮಗ."

"ನಮ್ಮ ಡಾಕ್ಟ್ರ ಕಾಲದಾಗ ಇಂಥಾವು ಎರಡು ನೋಡೀನ್ರಿ. ಫೋನ್‌ನ್ಯಾಗ ಅಂವ ಉಸಿರು ತಗಳ್ಳೂದು ಕೇಳಿದ ಕೂಡ್ಲೆ ತಿಳೀತು."

"ತಿಳಿದೂ ಗ್ಯಾಸ್ ಅಂದ್ರಿ. ಬಳ್ಳಾರಿಗೆ ಹೋಗು ಅನ್ನಾಕ ಏನಾಗಿತ್ತು?"

ಕೊಟ್ಟೂರಪ್ಪ ತನ್ನ ಬಿಳಿ ಅಂಗಿಯ ತೋಳನ್ನು ಸರಿಮಾಡಿಕೊಂಡ.

"ನನ್ನ ಡಾಕ್ಟ್ರು ಅಂತ ತಿಳಿದು ಫೋನ್ ಮಾಡಿದ್ದ ರೀ ಅಂವ. ನನ್ನ ಸೂಜಿಯಿಂದ ಹಿಂಗಾತು, ನನ್ನ ಕೈಲಿ ಆಗೂದಿಲ್ಲ, ಬಳ್ಳಾರಿಗೆ ಹೋಗು ಅಂದಿದ್ರ, ಮರುದಿನಾನ ನಾ ಮತ್ತ ಕಂಪೌಂಡರ್ ಆಗ್ತಿದ್ನಿ."

ಅಂಜನಾ ಆಸ್ಪತ್ರೆಗೆ ಫೋನು ಹಚ್ಚಿದರು. ಗುಳ್ಳೆ ಕಡಿಮೆಯಾಗಿವೆ, ಪೂರ್ತಿ ನಿಂತಿಲ್ಲ ಎಂದರು ಶೀಲಾ. ಅದನ್ನು ಅವನಿಗೆ ಹೇಳಬೇಕೆಂದು ಅಂಜನಾಗೆ ಅನಿಸಲಿಲ್ಲ. ಆದರೂ ಹೇಳಿದರು.