ಹಿಂದಿನ ಸೀಟಿನ ಕಂಬಳಿ

ಪೆಟ್ರೋಲ್ ಖರ್ಚಿಗೆ ಬೇಸತ್ತು ಕರೆಂಟಿನ ಕಾರು ಕೊಂಡವನು ನಾನು. ದಿನವೂ ಮನೆಯಲ್ಲೇ ಚಾರ್ಜು ಮಾಡುತ್ತೇನೆ. ಅವತ್ತು ಮಾತ್ರ ಅವ್ವ ಯಮನಮ್ಮನನ್ನು ಮುಂದೆ ಕೂರಿಸಿಕೊಂಡು ರಾಯಚೂರಿನಿಂದ ದೇವದುರ್ಗಕ್ಕೆ ಮರಳುವಾಗ ಚಾರ್ಜು ಸಾಲದೆ, ಗಬ್ಬೂರಿನಲ್ಲಿ ಪರಿಚಯದವರ ಅಕ್ಕಿ ಗಿರಣಿಯ ಪ್ಲಗ್ಗಿಗೆ ವೈರು ಸಿಕ್ಕಿಸಿ ನಿಲ್ಲಬೇಕಾಯಿತು. ಮಟಮಟ ಮಧ್ಯಾಹ್ನ. ಹೊಸ ಸೀಟು ಬಿಸಿಲಿಗೆ ಕಾಯಬಾರದೆಂದು, ತೀರಿಹೋದ ಅಪ್ಪನ ಕರಿ ಕಂಬಳಿಯನ್ನು ಹಿಂದೆ ಹಾಸಿದೆ.

"ಖಾಲಿ ಜಾಗಾದಾಗ ಕಂಬಳಿ ಹಾಸಬ್ಯಾಡಪ," ಅಂದಳು ಅವ್ವ. "ಹಾಸಿದ್ರ, ಬಂದು ಕೂಡ್ರು ಅಂತ ಕರದಂಗ."

ನಾನು ತೆಗೆಯಲಿಲ್ಲ.

ಗಬ್ಬೂರು ದಾಟುತ್ತಲೇ ಟಿಣ್ ಟಿಣ್ ಶುರುವಾಯಿತು. ಹಿಂದೆ ಕೂತವರು ಬೆಲ್ಟ್ ಹಾಕಿಲ್ಲವೆಂದು ಕಾರು ಹೇಳುವ ಸದ್ದು ಅದು. ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಚಾರ್ಜು ಉಳಿಯಲೆಂದು ಎಸಿ ಆರಿಸಿದ್ದೆ, ಆದರೂ ನನ್ನ ಕತ್ತಿನ ಹಿಂದೆ ತಣ್ಣಗಾಗುತ್ತಿತ್ತು. ತೊಯ್ದ ಕುರಿಯ ವಾಸನೆ ಬಂತು. ಗಾಡಿ ತುಂಬ ಜನ ಕೂತಂತೆ ಚಾರ್ಜು ಸರಸರ ಇಳಿಯುತ್ತಿತ್ತು.

"ಅಪ್ಪ ಇರಬೇಕು ಬಿಡವ್ವಾ," ಎಂದೆ, ನನ್ನ ಸಮಾಧಾನಕ್ಕೆ.

ಮನೆ ಮುಂದೆ ಕಾರು ಬಂದ್ ಮಾಡಿದೆ. ಅವ್ವ ತಲೆ ಮೇಲೆ ಸೆರಗು ಎಳೆದುಕೊಂಡು ಹಿಂದಿನ ಬಾಗಿಲು ತೆಗೆದಳು.

"ಮನಿ ಬಂತು, ಇಳೀರಿ."

ಬಹಳ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಕಂಬಳಿಯನ್ನು ಎಳೆದು ಎದೆಗೆ ಅವುಚಿಕೊಂಡಳು.

"ನಿಮ್ಮಪ್ಪ ಆಗಿದ್ರ ಇಷ್ಟೊತ್ತಿಗೆ ಇಳೀತಿದ್ದ."

ಬಂದ್ ಮಾಡಿದ ಕಾರಿನಲ್ಲಿ ಟಿಣ್ ಟಿಣ್ ಇನ್ನೂ ಬಡಿಯುತ್ತಿತ್ತು.